ಹೆಂಚಿನ ಸೂರಿನಿಂದ ಎ.ಸಿ.ವರೆಗೆ

ನಮ್ಮ ಕೋಲಾರ ಸೀಮೆಗೆ ಕರೆಂಟು ಬಂದದ್ದು 1902ರಲ್ಲಿ, ಶಿವನಸಮುದ್ರದಿಂದ. ಬಂದದ್ದು ಚಿನ್ನದ ಗಣಿಗೆ, ಮನೆಗಳಿಗಲ್ಲ. ಮುಂದೆ ಗಣಿ 3 ಕಿ.ಮೀ. ಆಳ ದಾಟಿತು. ಅಲ್ಲಿ ಬಂಡೆಯೇ ಕಾದಿರುತ್ತಿತ್ತು, ಗಾಳಿ ತಂಪು ಮಾಡಲು ಯಂತ್ರ ಹಾಕಬೇಕಾಯಿತು.

ನೆಲದ ಮೇಲೆ ಮನೆಗಳಿಗೆ ಹೆಂಚು, ಇಲ್ಲವೇ ಕಲ್ಲುಚಪ್ಪಡಿ. ಮಾಲೂರಿನ ಮಣ್ಣು ಹೆಂಚು, ಇಟ್ಟಿಗೆಗೆ ಹೆಸರಾಯಿತು. ಹೆಂಚಿನ ಸಂದಿಗಳಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು. ಚಪ್ಪಡಿ ಹಾಗಲ್ಲ, ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಹಳೆಯದೆಲ್ಲ ತಂಪು ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಈಗಿನ ಆರ್‌ಸಿಸಿ ತಾರಸಿಯದೂ ಚಪ್ಪಡಿಯದೇ ಗುಣ.

ಹಾಗಾಗಿ ಮುಳಬಾಗಿಲಿನಲ್ಲೂ ಈಗ ಎ.ಸಿ. ಮಾತು. ಅಂಗಡಿಯವರು ಹೇಳುವ 'ಟನ್' ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಹೀರುವಷ್ಟು ಶಾಖ, ಅಂದರೆ ಸುಮಾರು 3.5 ಕಿಲೋವ್ಯಾಟ್. ಐಸ್ ಮಾರುತ್ತಿದ್ದ ಕಾಲದ ಲೆಕ್ಕ ಇನ್ನೂ ಉಳಿದಿದೆ! ಸಣ್ಣ ಕೋಣೆಗೆ ದೊಡ್ಡ ಟನ್ ತಂದರೆ ದುಡ್ಡು ದಂಡ.

ನಕ್ಷತ್ರದ ಚೀಟಿ ಬಂದದ್ದು 2006ರಲ್ಲಿ. ಅಳತೆಗೋಲು ಆಗಾಗ ಬಿಗಿಯಾಗಿರುವುದರಿಂದ ಹಳೆಯ 5 ನಕ್ಷತ್ರ ಇಂದಿನ 5 ಅಲ್ಲ. ಚೀಟಿಯ ವರ್ಷವನ್ನೂ ವಾರ್ಷಿಕ ಯೂನಿಟ್ಟನ್ನೂ ನೋಡಿ. ದಿನಕ್ಕೆ ಗಂಟೆಗಟ್ಟಲೆ ಓಡಿಸುವವರಿಗೆ ಇನ್ವರ್ಟರ್ ಎ.ಸಿ. ಲಾಭ. ಅದಕ್ಕೂ ಮೊದಲು ತಾರಸಿಗೆ ಬಿಳಿ ಸುಣ್ಣ ಹೊಡೆಸಿ, ಖರ್ಚು ಕಡಿಮೆ.

ಶ್ರೀನಿವಾಸಪುರದ ತೊಂದರೆಯೇ ಬೇರೆ. ಸೆಕೆ ಏಪ್ರಿಲ್‌ನಲ್ಲಿ, ಮಾವಿನ ದುಡ್ಡು ಕೈಗೆ ಬರುವುದು ಅದರ ನಂತರ. ಎ.ಸಿ. ಕಂತಿನಲ್ಲಿ ಸಿಗುತ್ತದೆ, ಕರೆಂಟು ಬಿಲ್ಲಿಗೆ ಕಂತಿಲ್ಲ.