ಅಂಗಡಿಯ ಆನ್‌ಲೈನ್ ಖಾತೆ: ಬಳಸುವ ಕೈ ಹಲವು, ಹೊಣೆ ಮಾಲೀಕರದೇ

ಬೆಂಗಳೂರು: ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಬಸವನಗುಡಿಯ ಗಾಂಧಿ ಬಜಾರ್‌ನಲ್ಲಿ ಕಾಲಿಡಲೂ ಸ್ಥಳವಿರುವುದಿಲ್ಲ. ಹೂವು, ಹಣ್ಣು, ಸೀರೆ, ಗ್ರಂಥಿಗೆ ಸಾಮಗ್ರಿ ಹೀಗೆ ಯಾವ ಅಂಗಡಿ ನೋಡಿದರೂ ಮಾಲೀಕರೊಡನೆ ನಾಲ್ಕಾರು ಕೈಗಳು ದುಡಿಯುತ್ತಿರುತ್ತವೆ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ ಮಾಲೀಕರ ಸೊಂಟ ಬಿಟ್ಟು ಕದಲುವುದಿಲ್ಲ. ಇಂತಹ ಎಚ್ಚರಿಕೆ ಅಂಗಡಿಯ ಆನ್‌ಲೈನ್ ಖಾತೆಗಳ ವಿಷಯದಲ್ಲಿ ಕಾಣುವುದು ಅಪರೂಪ. ತೆರಿಗೆ ಖಾತೆಯ ಪಾಸ್‌ವರ್ಡ್ ಲೆಕ್ಕಿಗರ ಬಳಿ, ಗೂಗಲ್ ಖಾತೆಯದು ಅದನ್ನು ತೆರೆದುಕೊಟ್ಟ ಹುಡುಗನ ಬಳಿ, ವಾಟ್ಸ್ಆ್ಯಪ್ ಎಲ್ಲರ ಬಳಿ ಎಂಬಂತಹ ಪರಿಸ್ಥಿತಿ ಸಣ್ಣ ವ್ಯಾಪಾರದಲ್ಲಿ ಸಾಮಾನ್ಯ.

ಕೆಲಸ ಹಂಚುವುದು ಅನಿವಾರ್ಯ. ಆದರೆ ಪಾಸ್‌ವರ್ಡ್ ಹಂಚುವ ಅಗತ್ಯವಿಲ್ಲ. ಬಹುತೇಕ ವ್ಯವಸ್ಥೆಗಳಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರವೇಶ ನೀಡಿ, ಬೇಕಾದಷ್ಟೇ ಅಧಿಕಾರ ಕೊಟ್ಟು, ಬೇಡವಾದಾಗ ಹಿಂಪಡೆಯುವ ಅವಕಾಶ ಇದೆ. ಅದರ ವಿವರ ಇಲ್ಲಿದೆ.

ಜಿಎಸ್‌ಟಿ ಖಾತೆ ಕಲಿಸಿದ ಪಾಠ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಅನೇಕ ವ್ಯಾಪಾರಿಗಳು ನೋಂದಣಿಯ ಕೆಲಸವನ್ನು ಮಧ್ಯವರ್ತಿಗಳಿಗೆ ಒಪ್ಪಿಸಿದ್ದರು. ಅವರಲ್ಲಿ ಕೆಲವರು ಅರ್ಜಿಯಲ್ಲಿ ತಮ್ಮದೇ ಇ-ಮೇಲ್ ವಿಳಾಸ ಹಾಗೂ ಮೊಬೈಲ್ ಸಂಖ್ಯೆ ನಮೂದಿಸಿದರು. ಮುಂದೆ ಖಾತೆಯ ವಿವರ ಕೇಳಿದಾಗ ಕೊಡಲು ನಿರಾಕರಿಸಿದರು. ಒಟಿಪಿ ಬರುತ್ತಿದ್ದುದು ಮಧ್ಯವರ್ತಿಯ ಫೋನಿಗೆ. ಹೀಗಾಗಿ ತಮ್ಮದೇ ಖಾತೆಯನ್ನು ತೆರೆಯಲಾಗದ ಸ್ಥಿತಿ ವ್ಯಾಪಾರಿಗಳದಾಯಿತು. ದೂರುಗಳು ಹೆಚ್ಚಿದಾಗ, 2018ರಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ಪರಿಹಾರ ಪ್ರಕಟಿಸಿತು.

ಅದರಂತೆ ವ್ಯಾಪಾರಿಯು ದಾಖಲೆಗಳೊಂದಿಗೆ ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಾಣಬೇಕು. ಅಧಿಕಾರಿ ದಾಖಲೆ ಪರಿಶೀಲಿಸಿ, ಹೊಸ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ಸೇರಿಸುತ್ತಾರೆ. ತಾತ್ಕಾಲಿಕ ಪಾಸ್‌ವರ್ಡ್ ಆ ಇ-ಮೇಲ್‌ಗೆ ಬರುತ್ತದೆ. ಖಾತೆ ಕೈಯಲ್ಲಿದ್ದವರು ಇಷ್ಟು ಓಡಾಡಬೇಕಿಲ್ಲ. ಲಾಗಿನ್ ಆಗಿ ತಾವೇ ಮೊಬೈಲ್ ಸಂಖ್ಯೆ ಬದಲಿಸಬಹುದು.

ಲೆಕ್ಕಿಗರಿಗೆ ಪ್ರವೇಶ ನೀಡಲು ಬೇರೆಯೇ ದಾರಿ ಇದೆ. ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಒಬ್ಬರನ್ನು ವ್ಯಾಪಾರಿಯು ಜಾಲತಾಣದಲ್ಲೇ ನೇಮಿಸಿಕೊಳ್ಳಬಹುದು. ಅವರು ತಮ್ಮ ಸ್ವಂತ ಲಾಗಿನ್ ಮೂಲಕ ರಿಟರ್ನ್ ಸಿದ್ಧಪಡಿಸುತ್ತಾರೆ. ತೆರಿಗೆ ಮರುಪಾವತಿ, ನೋಂದಣಿ ರದ್ದತಿಯಂತಹ ಅರ್ಜಿ ಸಲ್ಲಿಸಿದರೆ ವ್ಯಾಪಾರಿಯ ದೃಢೀಕರಣ ಕೇಳಲಾಗುತ್ತದೆ. ಸಂಬಂಧ ಮುಗಿದಾಗ ಅವರನ್ನು ಅಲ್ಲಿಂದಲೇ ಬಿಡುಗಡೆ ಮಾಡಬಹುದು. ಒಂದು ಅಂಶ ನೆನಪಿರಲಿ: ಕೇಂದ್ರ ಜಿಎಸ್‌ಟಿ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ರಿಟರ್ನ್ ಯಾರೇ ಸಲ್ಲಿಸಿದರೂ ಅದರಲ್ಲಿನ ವಿವರ ಸರಿಯಾಗಿರಬೇಕಾದ ಹೊಣೆ ನೋಂದಾಯಿತ ವ್ಯಾಪಾರಿಯದೇ.

ಇ-ವೇ ಬಿಲ್: ಉಪ ಬಳಕೆದಾರರು

50 ಸಾವಿರ ರೂಪಾಯಿ ಮೀರಿದ ಸರಕಿನ ಸಾಗಣೆಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ರಾಜ್ಯದೊಳಗಿನ ಸಾಗಣೆಗೂ ಈ ಪದ್ಧತಿಯನ್ನು 2018ರ ಏಪ್ರಿಲ್ 1ರಂದೇ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಸೀರೆಯ ಮೂಟೆ ಹೊರಡುವ ಹೊತ್ತಿಗೆ ಬಿಲ್ ತೆಗೆಯುವವರು ಹೆಚ್ಚಾಗಿ ಗುಮಾಸ್ತರು.

ಇದಕ್ಕಾಗಿ ಮುಖ್ಯ ಬಳಕೆದಾರರು ಉಪ ಬಳಕೆದಾರರನ್ನು ಸೃಷ್ಟಿಸಬಹುದು. ಬಿಲ್ ತಯಾರಿಸುವುದು, ತಿರಸ್ಕರಿಸುವುದು, ವರದಿ ನೋಡುವುದು ಇವುಗಳಲ್ಲಿ ಯಾವುದಕ್ಕೆ ಅನುಮತಿ ಎಂಬುದನ್ನು ಆಯ್ಕೆ ಮಾಡಬೇಕು. ಒಂದಕ್ಕಿಂತ ಹೆಚ್ಚು ಮಳಿಗೆಗಳಿದ್ದರೆ ಅಧಿಕಾರವನ್ನು ಒಂದು ಮಳಿಗೆಗೆ ಸೀಮಿತಗೊಳಿಸಲೂಬಹುದು. ಕೆಲಸ ಬಿಟ್ಟವರ ಪ್ರವೇಶವನ್ನು ತಡೆಹಿಡಿಯುವ ಸೌಲಭ್ಯವೂ ಉಂಟು. 2025ರ ಏಪ್ರಿಲ್ 1ರಿಂದ ಎಲ್ಲ ಬಳಕೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದ್ದು, ಉಪ ಬಳಕೆದಾರರ ಒಟಿಪಿ ಅವರವರ ಮೊಬೈಲ್‌ಗೇ ಹೋಗುತ್ತದೆ.

ಗೂಗಲ್ ಮತ್ತು ವಾಟ್ಸ್ಆ್ಯಪ್

ಗೂಗಲ್ ನಕ್ಷೆಯಲ್ಲಿ ಕಾಣುವ ಅಂಗಡಿಯ ವಿವರಕ್ಕೆ ಪ್ರಧಾನ ಮಾಲೀಕ, ಮಾಲೀಕ, ವ್ಯವಸ್ಥಾಪಕ ಎಂಬ ಮೂರು ಸ್ತರಗಳಿವೆ. ವ್ಯವಸ್ಥಾಪಕರು ಅಂಗಡಿಯ ವೇಳೆ ಬದಲಿಸಬಹುದು, ಗ್ರಾಹಕರ ಅಭಿಪ್ರಾಯಕ್ಕೆ ಉತ್ತರಿಸಬಹುದು. ಇತರರನ್ನು ಸೇರಿಸುವ, ತೆಗೆಯುವ ಅಧಿಕಾರ ಅವರಿಗಿಲ್ಲ. ಕೆಲಸಗಾರರಿಗೆ ಈ ಸ್ತರ ಸಾಕು. ಖಾತೆ ಈಗಾಗಲೇ ಬೇರೊಬ್ಬರ ಹೆಸರಿನಲ್ಲಿದ್ದರೆ ಮಾಲೀಕತ್ವ ಕೋರಿ ಗೂಗಲ್‌ಗೆ ಮನವಿ ಸಲ್ಲಿಸಬಹುದು.

ವಾಟ್ಸ್ಆ್ಯಪ್ ಬಿಸಿನೆಸ್‌ನ ಉಚಿತ ಆ್ಯಪ್‌ನಲ್ಲಿ ಒಂದು ಸಂಖ್ಯೆಗೆ ಮುಖ್ಯ ಫೋನ್ ಅಲ್ಲದೆ ಇನ್ನೂ ನಾಲ್ಕು ಸಾಧನಗಳನ್ನು ಜೋಡಿಸಬಹುದು. ಜೋಡಿಸಿದ ಸಾಧನ ಹಿಡಿದವರು ಗ್ರಾಹಕರ ಸಂದೇಶಗಳನ್ನು ಓದಬಲ್ಲರು. ಆದ್ದರಿಂದ ಜೋಡಿತ ಸಾಧನಗಳ ಪಟ್ಟಿಯನ್ನು ಆಗಾಗ್ಗೆ ನೋಡಿ, ಗುರುತಿಲ್ಲದವನ್ನು ತೆಗೆದುಹಾಕುವುದು ಒಳಿತು.

ಹಣದ ವಿಷಯದಲ್ಲಿ

2025ರ ಜುಲೈನಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಮೊತ್ತ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ, ನಗರದ ಹಲವು ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಬರಹ ಕಾಣಿಸಿಕೊಂಡಿತ್ತು. ಹಣ ಸ್ವೀಕರಿಸುವ ಕ್ಯೂಆರ್ ಕೋಡ್ ಯಾರ ಖಾತೆಯದೋ ಆ ಲೆಕ್ಕ ಅವರ ಹೆಸರಿಗೇ ಸೇರುತ್ತದೆ. ಮಗನ ಅಥವಾ ಕೆಲಸಗಾರನ ಸ್ವಂತ ಖಾತೆಯ ಕೋಡ್ ಅನ್ನು ಅಂಗಡಿಯಲ್ಲಿ ಅಂಟಿಸಿದರೆ ಇಬ್ಬರಿಗೂ ತೊಂದರೆ.

ಅಂಗಡಿಯ ಸಣ್ಣಪುಟ್ಟ ಖರೀದಿಗೆ ಕೆಲಸಗಾರರಿಗೆ ಪಿನ್ ಹೇಳುವ ಬದಲು, 2024ರಲ್ಲಿ ಆರಂಭವಾದ ಯುಪಿಐ ಸರ್ಕಲ್ ಬಳಸಬಹುದು. ಇದರಲ್ಲಿ ಐವರವರೆಗೆ ಸೇರಿಸಲು ಅವಕಾಶವಿದೆ. ಪೂರ್ಣ ಅಧಿಕಾರ ನೀಡಿದರೂ ತಿಂಗಳಿಗೆ 15 ಸಾವಿರ, ಒಂದು ಬಾರಿಗೆ 5 ಸಾವಿರ ರೂಪಾಯಿಯ ಮಿತಿ ಇದೆ. ಭಾಗಶಃ ಅಧಿಕಾರ ನೀಡಿದರೆ ಪ್ರತಿ ಪಾವತಿಗೂ ಮಾಲೀಕರು ತಮ್ಮ ಪಿನ್ ಹಾಕಿ ಒಪ್ಪಿಗೆ ಕೊಡಬೇಕು.

ಮಾಲೀಕರು ಗಮನಿಸಬೇಕಾದದ್ದು

* ಎಲ್ಲ ಖಾತೆಗಳ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಮಾಲೀಕರದೇ ಆಗಿರಲಿ.

* ಯಾರಿಗೆ ಯಾವ ಖಾತೆಯ ಪ್ರವೇಶವಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಪಾಸ್‌ವರ್ಡನ್ನು ಅದರಲ್ಲಿ ಬರೆಯಬೇಡಿ.

* ಕೆಲಸ ಬಿಡುವವರ ಬಾಕಿ ಸಂಬಳ ಚುಕ್ತಾ ಮಾಡುವ ದಿನವೇ ಅವರ ಪ್ರವೇಶವನ್ನೂ ರದ್ದುಪಡಿಸಿ. ಹಂಚಿಕೊಂಡ ಪಾಸ್‌ವರ್ಡ್ ಇದ್ದರೆ ಬದಲಿಸಿ.

* ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ.

ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯ ಉದ್ದೇಶದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಅಡಿ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.