ತಟವೃಕ್ಷಚ್ಛೇದನವೂ ಪ್ರಾಚೀನ ದಂಡವಿಧಿಯೂ

ನದೀತಟಾಕಗಳ ದಡದಲ್ಲಿ ಬೆಳೆದ ಮರಗಿಡಗಳನ್ನು ಕಡಿಯುವುದಕ್ಕೆ ಪ್ರಾಚೀನ ವ್ಯವಹಾರಶಾಸ್ತ್ರದಲ್ಲಿ ನಿರ್ಬಂಧವಿದ್ದಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ವೃಕ್ಷರಕ್ಷಣೆಗೆ ಪುಣ್ಯಪಾಪಗಳ ಭಾವನೆಯೊಂದೇ ಆಧಾರವಾಗಿದ್ದಿತೆಂದು ಕೆಲವರು ಭಾವಿಸುವುದುಂಟು. ದಂಡವಿಧಿಗಳನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲುವುದಿಲ್ಲ.

ಕೌಟಿಲ್ಯನು ಪುರೋದ್ಯಾನಗಳಲ್ಲಿ ಹೂ, ಹಣ್ಣು, ನೆರಳುಗಳನ್ನು ಕೊಡುವ ಮರದ ಚಿಗುರನ್ನು ಕಡಿದವನಿಗೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24 ಪಣಗಳೆಂದು ವಿಧಿಸಿದನು. ಕಾಂಡವನ್ನು ಕಡಿದರೆ ಪೂರ್ವಸಾಹಸದಂಡ, ಬುಡಸಹಿತ ಕಿತ್ತರೆ ಮಧ್ಯಮಸಾಹಸದಂಡ. ಪೊದೆಬಳ್ಳಿಗಳಿಗೆ ಇದರಲ್ಲಿ ಅರ್ಧ, ಸೀಮಾವೃಕ್ಷಗಳಿಗೆ ಇಮ್ಮಡಿ. ಮನುವೂ ಉಪಯೋಗವೆಷ್ಟೋ ಅಷ್ಟು ದಂಡವೆಂಬ ನಿಯಮವನ್ನೇ ಹೇಳಿದನು.

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆಲವೇ ಮೊದಲಾದ ಮರಗಳ ಶಾಖೆ, ಸ್ಕಂಧ, ಸಮೂಲಚ್ಛೇದನಗಳಿಗೆ ಆತನ ವ್ಯಾಖ್ಯಾನದಂತೆ ಕ್ರಮವಾಗಿ 20, 40, 80 ಪಣಗಳು. ಮಾವಿನಂತೆ ಜೀವನಾಧಾರವಾದ ಮರಗಳಿಗೂ ಇದೇ ಕ್ರಮ. ಚೈತ್ಯ, ಶ್ಮಶಾನ, ಸೀಮೆ, ಪುಣ್ಯಸ್ಥಾನ, ದೇವಾಲಯಗಳಲ್ಲಿ ಬೆಳೆದವುಗಳಿಗೆ ದ್ವಿಗುಣ. ಗುಲ್ಮಕ್ಷುಪಾದಿಗಳಿಗೆ ಅರ್ಧದಂಡ, ಕ್ಷುಪಕ್ಕೆ ಆತನು ಕೊಡುವ ಉದಾಹರಣೆ ಕರವೀರ, ಅಂದರೆ ನಮ್ಮ ಕಣಗಿಲೆ.

ಈ ವಚನಗಳಲ್ಲಿ ದಡವೆಂಬ ಶಬ್ದವಿಲ್ಲ. ಆದರೆ ಮನುವು ಗ್ರಾಮಸೀಮೆಗೆ ಆಲ, ಅಶ್ವತ್ಥ, ಮುತ್ತುಗ, ಬೂರುಗಗಳನ್ನೂ ಬಿದಿರು, ಶಮಿ, ಪೊದೆಗಳನ್ನೂ ಗುರುತಾಗಿ ಹೇಳಿ, ಸೀಮಾಸಂಧಿಗಳಲ್ಲಿ ಕೆರೆ, ಬಾವಿ, ಒರತೆಗಳನ್ನು ಮಾಡಿಸಬೇಕೆನ್ನುತ್ತಾನೆ. ಆದುದರಿಂದ ಸೀಮೆಯಲ್ಲಿರುವ ಕೆರೆಯ ದಡದ ಮರವು ಸೀಮಾವೃಕ್ಷವಾಗಿಯೂ, ನದೀತೀರ್ಥದ ಮರವು ಪುಣ್ಯಸ್ಥಾನವೃಕ್ಷವಾಗಿಯೂ ದ್ವಿಗುಣದಂಡಕ್ಕೆ ವಿಷಯವಾಗುವುದು ನ್ಯಾಯಪ್ರಾಪ್ತ. ಸೀಮೆಯೂ ಅಲ್ಲದ, ತೀರ್ಥವೂ ಅಲ್ಲದ ದಡದ ಮರಕ್ಕಾದರೋ ಸಾಮಾನ್ಯದಂಡವೇ ರಕ್ಷೆ. ದಡದ ಮಣ್ಣನ್ನು ಬೇರುಗಳು ಹಿಡಿದಿಡುವುದೆಂಬ ಹೇತುವು ಈ ವಚನಗಳಲ್ಲಿ ಉಕ್ತವಾಗಿಲ್ಲವೆಂಬುದನ್ನು ಮರೆಯಲಾಗದು.

ಆ ಕೊರತೆಯನ್ನು ಇಂದಿನ ಶಾಸನವು ಬೇರೊಂದು ಕ್ರಮದಿಂದ ತುಂಬಿದೆ. 1991ರಲ್ಲಿ ಭಾರತ ಸರ್ಕಾರವು ಹೊರಡಿಸಿ, 2011 ಮತ್ತು 2019ರಲ್ಲಿ ಹೊಸದಾಗಿ ರಚಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರದ ರೇಖೆಯಿಂದ ದೂರವನ್ನಳೆದು ನಿರ್ಬಂಧಿಸುತ್ತದೆ. ಕಾಂಡ್ಲಾ ವನಗಳನ್ನು ಮೊದಲನೆಯ ವರ್ಗದಲ್ಲಿಟ್ಟಿದೆ. ಪ್ರಾಚೀನರ ವಿಧಿಗೆ ಮರದ ಉಪಯೋಗವೂ ಸ್ಥಾನವೂ ಪ್ರಮಾಣ. ಇಂದಿನ ವಿಧಿಗೆ ನೀರಿನಂಚಿನ ನೆಲವೇ ಪ್ರಮಾಣ. ಚಿಗುರಿನಿಂದ ಬುಡದವರೆಗೆ ಹಾನಿಯನ್ನು ತೂಗಿ ದಂಡವನ್ನು ನಿರ್ಣಯಿಸಿದ ಹಳೆಯ ಕ್ರಮವು ಧರ್ಮಶಾಸ್ತ್ರದ ಅಭ್ಯಾಸಿಗಳಿಗಷ್ಟೇ ಅಲ್ಲದೆ ಶಾಸನಕರ್ತರಿಗೂ ಮನನಯೋಗ್ಯವಾದುದು.