ಕಡತವೆಂಬ ಕರಿಬಟ್ಟೆ

ಕಂಪ್ಯೂಟರಿನ ಕೈಪಿಡಿಯನ್ನು ಕನ್ನಡದಲ್ಲಿ ಬರೆಯಲು ಕೂತವರಿಗೆ ಮೆನುವಿನ ಮೊದಲ ಪದದಲ್ಲೇ ತೊಡಕು ಎದುರಾಗುತ್ತದೆ: ಫೈಲ್ ಎನ್ನುವುದೋ, ಕಡತ ಎನ್ನುವುದೋ? ಗ್ನೋಮ್‌ನಂಥ ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ಕಡತ ಎಂದರು, ಫೋಲ್ಡರಿಗೆ ಕಡತಕೋಶ ಎಂದರು. ಇದಕ್ಕೆ ಮೂಗು ಮುರಿಯುವವರಿದ್ದಾರೆ. ಕಡತವೆಂದರೆ ತಾಲ್ಲೂಕು ಕಚೇರಿಯ ಬೀರುವಿನ ಮೇಲೆ ದೂಳು ತಿನ್ನುತ್ತ ಕೂತ, ಮೇಜಿನಿಂದ ಮೇಜಿಗೆ ಹೋಗಲು ತಿಂಗಳು ಹಿಡಿಯುವ, ಬೇಕಾದ ಹೊತ್ತಿಗೆ ಸರಿಯಾಗಿ ನಾಪತ್ತೆಯಾಗುವ ಕಾಗದದ ಕಟ್ಟು. ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುವ ವಸ್ತುವಿಗೆ ಅದೇ ಹೆಸರೇ ಎಂಬುದು ಅವರ ತಕರಾರು. ತಕರಾರು ಹುರುಳಿಲ್ಲದ್ದಲ್ಲ. ಆದರೆ ಕಾಗದದ ಕಟ್ಟು ಈ ಪದದ ಎರಡನೆಯ ಜನ್ಮ. ಮೊದಲ ಜನ್ಮದಲ್ಲಿ ಕಡತಕ್ಕೂ ಕಾಗದಕ್ಕೂ ನಂಟೇ ಇರಲಿಲ್ಲ. ಆ ಜನ್ಮದ ಗುರುತು ಹಿಡಿದವರಿಗೆ, ಕಂಪ್ಯೂಟರಿನೊಳಗಿರುವುದಕ್ಕೆ ಇಂಗ್ಲಿಷಿನ ಪದಕ್ಕಿಂತ ನಮ್ಮದೇ ಹೆಚ್ಚು ಒಪ್ಪುತ್ತದೆ ಅನ್ನಿಸದಿರದು.

ಕಡತ ಎಂದರೆ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಹತ್ತಿಬಟ್ಟೆಯ ಎರಡೂ ಬದಿಗೆ ಬಳಿದು, ಒಣಗಿಸಿ, ಎಲ್ಲೂ ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಮಡಿಚಿದರೆ ಕರಿಯ ಪುಸ್ತಕ ಸಿದ್ಧ. ಬಳಪದಲ್ಲಿ ಬರೆಯುವುದು, ಬೇಡವಾದದ್ದನ್ನು ಒರೆಸುವುದು, ಅಲ್ಲೇ ಮತ್ತೆ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬರತೊಡಗಿದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ. ಉಳ್ಳವರ ಕಡತಕ್ಕೆ ಎರಡೂ ತುದಿಯಲ್ಲಿ ಬಣ್ಣದ ಮರದ ಹಲಗೆ, ಮೇಲೊಂದು ರೇಷ್ಮೆಯ ಚೀಲ. ಇಲ್ಲದವರದಕ್ಕೆ ಬರಿಯ ದಾರ. ಅವನ ಕಾಲದಲ್ಲೂ ಮೈಸೂರು ಸೀಮೆಯ ವರ್ತಕರು ಲೆಕ್ಕ ಇಡುತ್ತಿದ್ದುದು ಇದರಲ್ಲೇ. ಇನ್ನೂ ಹಿಂದೆ, ಚಾಲುಕ್ಯರ ಶಾಸನಗಳಲ್ಲಿ, ಕಡಿತವೆರ್ಗಡೆ ಎಂಬ ಅಧಿಕಾರಿ ಸಿಗುತ್ತಾನೆ. ಲೆಕ್ಕಪತ್ರಗಳ ಉಸ್ತುವಾರಿ ಅವನದು. (ಈಗ ಕಡಿತವೆಂದರೆ ಸಂಬಳದ್ದು, ಇಲ್ಲವೇ ಕರೆಂಟಿನದು.) ಇತ್ತ ಇಂಗ್ಲಿಷಿನ ಫೈಲ್ ಹುಟ್ಟಿದ್ದು ಲ್ಯಾಟಿನ್ನಿನ ದಾರದಿಂದ. ಬಂದ ಕಾಗದಗಳನ್ನು ಪೋಣಿಸಿಡುವ ದಾರ ಅದು. ಕೂಡಿಡುವುದು ಗೊತ್ತು, ತಿದ್ದುವುದು ಗೊತ್ತಿಲ್ಲ. ಕಂಪ್ಯೂಟರಿನ ಫೈಲಾದರೋ ದಿನಕ್ಕೆ ಹತ್ತು ಸಲ ತೆರೆದು, ತಿದ್ದಿ, ಮುಚ್ಚುವಂಥದ್ದು. ಇನ್ನೂ ಹತ್ತಿರದಿಂದ ನೋಡಿ: ಯಂತ್ರದ ಮಟ್ಟಿಗೆ ಫೈಲೆಂದರೆ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದೇ ಸಾಲು. ಪುಟಗಳೆಲ್ಲ ತೋರಿಕೆಗೆ ಹಾಕಿದ ಮಡಿಕೆ. ಬಿಡಿಸಿ ಎಳೆದರೆ ಕಡತವೂ ಒಂದೇ ಪಟ್ಟಿ.

ಒರೆಸಿ ಬರೆಯಬಹುದಾದ ದಾಖಲೆಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯೂ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಸರ್ಕಾರಿ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ಟಿಪ್ಪು ಸುಲ್ತಾನ್ ನಿಷೇಧಿಸಿದ್ದನ್ನು ವಿಲ್ಕ್ಸ್ ಹೇಳುತ್ತಾನೆ. ಹೇಳಿ, ತನ್ನ ಅಭಿಪ್ರಾಯವನ್ನೂ ಸೇರಿಸುತ್ತಾನೆ: ಅಳಿಸಲು ಬರುತ್ತದೆ ನಿಜ, ಆದರೂ ಬಾಳಿಕೆಯಲ್ಲಿ ಒಳ್ಳೆಯ ಕಾಗದಕ್ಕಿಂತ ಇದೇ ಮೇಲು. ಸಾಕ್ಷಿಗಳ ಸಮೇತ ವರ್ತಕನ ಕಡತದಲ್ಲಿ ಬರೆದ ಸಾಲಪತ್ರವೊಂದನ್ನು ಪುರಾವೆಯಾಗಿ ಒಪ್ಪಿಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ. ನಮ್ಮ ಕಾನೂನು ಸುತ್ತಿ ಬಳಸಿ ಅಲ್ಲಿಗೇ ಬಂದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯನ್ನು ಪುರಾವೆಯಾಗಿ ಒಪ್ಪುತ್ತದೆ. ಜೊತೆಗೊಂದು ಪ್ರಮಾಣಪತ್ರ ಬೇಕು, ಅದರಲ್ಲಿ ಆ ಫೈಲಿನ ಹ್ಯಾಶ್ ಮೌಲ್ಯ ನಮೂದಾಗಿರಬೇಕು. ಒಂದಕ್ಷರ ತಿದ್ದಿದರೂ ಆ ಮೌಲ್ಯ ಬದಲಾಗಿ ಗುಟ್ಟು ರಟ್ಟಾಗುತ್ತದೆ. ಕಡತದ ಕಾಲದಲ್ಲಿ ಆ ಕೆಲಸ ಸಾಕ್ಷಿ ಹಾಕಿದವರ ನೆನಪಿನದು.

ಇದೆಲ್ಲ ಕಾಕತಾಳೀಯ, ತಂತ್ರಾಂಶ ಅನುವಾದಿಸಿದವರ ಮನಸ್ಸಿನಲ್ಲಿದ್ದದ್ದು ಕಚೇರಿಯ ಕಾಗದವೇ ಹೊರತು ಕರಿಬಟ್ಟೆಯಲ್ಲ ಎಂದರೆ ಇರಬಹುದು ಎನ್ನುತ್ತೇನೆ. ಪದ ಹೊಂದುವುದಕ್ಕೆ ಇಟ್ಟವರ ಉದ್ದೇಶ ಬೇಕಿಲ್ಲ. ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದ ಆಕ್ಷೇಪ, ಮತ್ತು ಅದು ಕೈಕೊಡುವುದು ಅಳಿಸುವಲ್ಲಿ. ಕರಿಬಟ್ಟೆಯ ಮೇಲೆ ಒದ್ದೆ ಬೆರಳಾಡಿಸಿದರೆ ಅಕ್ಷರ ಹೋಯಿತು. ಎಂಎಸ್-ಡಾಸ್ ಕಾಲದ ಕಂಪ್ಯೂಟರು ಮಾಡುತ್ತಿದ್ದದ್ದೇ ಬೇರೆ: ಅಳಿಸು ಎಂದರೆ ಪಟ್ಟಿಯಲ್ಲಿದ್ದ ಫೈಲಿನ ಹೆಸರಿನ ಮೊದಲಕ್ಷರವನ್ನು ಒಂದು ಗುರುತಿಗೆ ಬದಲಿಸಿ, ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತಿತ್ತು. ಒಳಗಿನ ಬರಹ ಇದ್ದಲ್ಲೇ ಇರುತ್ತಿತ್ತು. ಅನ್‌ಡಿಲೀಟ್ ಎಂಬ ಆಜ್ಞೆ ಕೊಟ್ಟರೆ, ಹೋದ ಮೊದಲಕ್ಷರ ಯಾವುದೆಂದು ಅದು ಬಳಕೆದಾರನನ್ನೇ ಕೇಳುತ್ತಿತ್ತು! ಇಂದಿನ ಹಾರ್ಡ್ ಡಿಸ್ಕಿನಲ್ಲೂ ಸಾಮಾನ್ಯವಾಗಿ ನಡೆಯುವುದು ಇದರ ಸುಧಾರಿತ ರೂಪವೇ. ಮೇಲೆ ಬೇರೆ ಬರಹ ಬೀಳುವ ತನಕ ಹಳೆಯದು ಉಳಿದಿರುತ್ತದೆ. ಹಳೆಯ ಕಂಪ್ಯೂಟರನ್ನು ಮಾರುವ ಮುನ್ನ ಬ್ಯಾಂಕಿನ ವಿವರ ಅಳಿಸಿದೆ ಎಂದು ನಿಶ್ಚಿಂತೆಯಿಂದಿರುವವನು ಆ ಕ್ರಿಯಾಪದವನ್ನು ನಂಬಿ ಕೆಡುತ್ತಾನೆ. ಕಡತ ಎಂಬ ಹೆಸರಿಗೆ ಅದರಿಂದ ದೋಷವಿಲ್ಲ. ತಿದ್ದಿಕೊಳ್ಳಬೇಕಾದದ್ದು ಅಳಿಸು ಎಂಬ ಪದದ ಬಳಕೆ. ಹೆಸರನ್ನಷ್ಟೇ ಕೀಳುವ ಕಡೆ ತೆಗೆದುಹಾಕು ಎಂದು, ನಿಜವಾಗಿ ಒರೆಸುವ ಕಡೆ ಮಾತ್ರ ಅಳಿಸು ಎಂದು ಬರೆದರೆ ಕೈಪಿಡಿ ಸುಳ್ಳು ಹೇಳುವುದು ತಪ್ಪುತ್ತದೆ.

ಉಳಿದದ್ದು ಜನ ಫೈಲ್ ಅಂತಲೇ ಅಂತಾರಲ್ಲ ಎಂಬ ಮಾತು. ಅನ್ನಲಿ, ಬಸ್ಸು, ಬ್ಯಾಂಕಿನಂತೆ ಅದೂ ಕನ್ನಡವೇ, ಫೈಲನ್ನು, ಫೈಲಿಗೆ ಎಂದು ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿದೆ. ಈ ಬರಹದಲ್ಲೂ ಅದು ಎಷ್ಟು ಸಲ ನುಸುಳಿದೆ ನೋಡಿ. ಆದರೆ ಕಡತವೇನೂ ಸತ್ತ ಪದವಲ್ಲ. ಕಡತ ವಿಲೇವಾರಿ, ಕಡತ ನಾಪತ್ತೆ ಎಂಬ ತಲೆಬರಹಗಳು ಪತ್ರಿಕೆಯ ಓದುಗರಿಗೆ ಹೊಸವಲ್ಲ. ಕೈಪಿಡಿಗೆ ಬೇಕಿರುವುದು ಒಂದು ವಸ್ತುವಿಗೆ ಒಂದೇ ಪದ, ಮೊದಲ ಪುಟದಿಂದ ಕೊನೆಯ ಪುಟದವರೆಗೆ. ಆ ಜಾಗಕ್ಕೆ ನನ್ನ ಮತ ಕಡತಕ್ಕೆ. ಒಪ್ಪದವರು ಫೈಲ್ ಎಂದೇ ಬರೆಯಲಿ, ಆದರೆ ಒಂದೇ ಪುಟದಲ್ಲಿ ಎರಡನ್ನೂ ಬೆರೆಸಬೇಡಿ. ಓದುವವರು ಎರಡು ಬೇರೆ ವಸ್ತುಗಳೆಂದುಕೊಂಡು ಹುಡುಕುತ್ತಾರೆ.